ಕಾಕಾನ ಎಕ್ಸ್ 61: ಬಿಚ್ಚಿದ್ದು, ಎಣ್ಣೆ ಬಿಟ್ಟಿದ್ದು, ಕನ್ನಡ ಹಾಕಿದ್ದು

ಯಂತ್ರ ಥಿಂಕ್‌ಪ್ಯಾಡ್ ಎಕ್ಸ್ 61 ಲ್ಯಾಪ್‌ಟಾಪ್. 2007ರ ಮಾಡೆಲ್. ಕೋರ್ 2 ಡ್ಯುಯೊ ಟಿ7300 ಪ್ರೊಸೆಸರ್, 2 ಗಿಗಾಹರ್ಟ್ಸ್. 1 ಜಿಬಿ ರ‍್ಯಾಮ್. 12.1 ಇಂಚಿನ ಪರದೆ, ಈಗಿನವುಗಳ ಹಾಗೆ ಅಡ್ಡಕ್ಕೆ ಉದ್ದ ಇಲ್ಲ, 1024×768ರ ಹಳೆ ಚೌಕದ ಅಳತೆ. ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಕಾಕಾನ ಮನೆ ಅಟ್ಟದ ಮೇಲೆ ರಟ್ಟಿನ ಡಬ್ಬಿಯಲ್ಲಿ ಬಿದ್ದಿತ್ತು. ಆನ್ ಮಾಡಿದರೆ ಕಪ್ಪು ಪರದೆ ಮೇಲೆ ‘ಫ್ಯಾನ್ ಎರರ್’ ಅಂತ ತೋರಿಸಿ ತಾನೇ ಆಫ್ ಆಗುತ್ತಿತ್ತು. ಎಸ್ಕೇಪ್ ಒತ್ತಿ ದಾಟಿಸಿದರೆ 0271, ಅಂದರೆ ತಾರೀಖು-ವೇಳೆ ಸರಿ ಇಲ್ಲ ಅನ್ನೋ ತಕರಾರು. ಅದನ್ನೂ ದಾಟಿದರೆ ಹಾರ್ಡ್ ಡಿಸ್ಕ್ ಕಟ್ ಕಟ್ ಅನ್ನುತ್ತಿತ್ತು.

ಕಾಕಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು, ಈಗ ನಿವೃತ್ತರು. ಸವದತ್ತಿ, ಬೈಲಹೊಂಗಲ ಕಡೆ ಹಾಡುವವರ ಬಾಯಿಂದ ಕೇಳಿದ ಲಾವಣಿ, ಗೀಗೀ ಪದಗಳನ್ನೆಲ್ಲ ಇದರಲ್ಲೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಹೊಸ ಲ್ಯಾಪ್‌ಟಾಪ್ ತರೋಣ ಅಂದರೆ ಒಪ್ಪಲಿಲ್ಲ. “ನನಗ ಹೊಸಾದು ಬ್ಯಾಡೋ. ಇದರಾಗಿನ ಪದಾ ಬೇಕು, ಮತ್ತ ಇದರ ಮ್ಯಾಲೇ ಕೂತು ಬರೀಬೇಕು. ಉಳದದ್ದು ನೀ ನೋಡ್ಕೋ” ಅಂದರು.

ಸಲಹೆಗಳಿಗೇನೂ ಬರ ಇರಲಿಲ್ಲ. ಉದ್ಯಮಬಾಗದಲ್ಲಿ ನನ್ನ ಜೊತೆ ಕೆಲಸ ಮಾಡೋನೊಬ್ಬ “ಖಾಸಬಾಗ ಸಂಡೇ ಬಜಾರಕ್ಕ ಒಗದ ಬಾರಲೇ” ಅಂದ. ಇನ್ನೊಬ್ಬ ಹೇಗಾದರೂ ಮಾಡಿ ವಿಂಡೋಸ್ 11 ಹಾಕು ಅಂದ. ಅದು ಆಗದ ಮಾತು. ಟಿಪಿಎಂ ಅನ್ನೋ ಭದ್ರತಾ ಚಿಪ್ ಕೇಳೋ ತಪಾಸಣೆಯನ್ನು ಏನೋ ಮಾಡಿ ತಪ್ಪಿಸಬಹುದು. ಆದರೆ 24ಎಚ್2 ಆವೃತ್ತಿಯಿಂದ ಈಚೆಗೆ ಎಸ್‌ಎಸ್‌ಇ 4.2 ಅನ್ನೋ ಸೂಚನೆಗಳು ಪ್ರೊಸೆಸರ್‌ನಲ್ಲೇ ಇರಬೇಕು, ಟಿ7300ರಲ್ಲಿ ಅವಿಲ್ಲ. ಇಲ್ಲದ್ದನ್ನು ಸಾಫ್ಟ್‌ವೇರ್‌ನಿಂದ ತರೋಕಾಗಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಇದರಲ್ಲಿದ್ದ ವಿಂಡೋಸ್ ಎಕ್ಸ್‌ಪಿಯ ಗಡುವು 2014ರ ಏಪ್ರಿಲ್ 8ಕ್ಕೇ ಹೋಗಿದೆ.

ಮೊದಲು ಡಿಸ್ಕ್

ಕಟ್ ಕಟ್ ಅನ್ನೋ ಡಿಸ್ಕ್‌ನಿಂದ ವಿಂಡೋಸ್ ಬೂಟ್ ಮಾಡಿ ಫೈಲ್ ಕಾಪಿ ಮಾಡ್ತೀನಿ ಅಂತ ಯಾರೂ ಹೋಗಬೇಡಿ. ಬೂಟ್ ಆಗೋವಾಗಲೇ ನೂರಾರು ಕಡೆ ಓದಿ ಬರೆದು ಮಾಡುತ್ತೆ. ಉಳಿದ ಜೀವ ಅಲ್ಲೇ ಹೋಗುತ್ತೆ. ಎಕ್ಸ್ 61ರಲ್ಲಿ ಡಿಸ್ಕ್ ತೆಗೆಯೋದು ಸುಲಭ. ಪಕ್ಕದ ಮುಚ್ಚಳದ ಸ್ಕ್ರೂ ಬಿಚ್ಚಿ ಎಳೆದರೆ ಡ್ರಾಯರ್ ಥರ ಹೊರಗೆ ಬರುತ್ತೆ. ಅದನ್ನು ಯುಎಸ್‌ಬಿ ಅಡಾಪ್ಟರ್‌ಗೆ ಸಿಕ್ಕಿಸಿ, ನನ್ನ ಲಿನಕ್ಸ್ ಯಂತ್ರದಲ್ಲಿ ಡಿಡಿ-ರೆಸ್ಕ್ಯೂ ಅನ್ನೋ, ಕೆಟ್ಟ ಡಿಸ್ಕ್‌ನಿಂದ ಮಾಹಿತಿ ಎತ್ತೋ ಪ್ರೋಗ್ರಾಂ ಓಡಿಸಿದೆ.

ಇದರ ಒಳ್ಳೆ ಗುಣ ಏನಂದರೆ, ಮೊದಲ ಸುತ್ತಿನಲ್ಲಿ ಚೆನ್ನಾಗಿರೋ ಭಾಗವನ್ನಷ್ಟೇ ಬೇಗ ಬೇಗ ಎತ್ತಿಕೊಳ್ಳುತ್ತೆ. ತೊಂದರೆ ಕೊಡೋ ಜಾಗ ಬಂದರೆ ಅಲ್ಲೇ ಒದ್ದಾಡಲ್ಲ, ಗುರುತು ಹಾಕಿ ಮುಂದೆ ಹೋಗುತ್ತೆ. ಆ ಗುರುತುಗಳು ಮ್ಯಾಪ್ ಫೈಲ್‌ನಲ್ಲಿ ಕೂರುತ್ತವೆ. ಮಧ್ಯೆ ಕರೆಂಟ್ ಹೋದರೂ, ನೀವೇ ನಿಲ್ಲಿಸಿದರೂ, ನಿಂತಲ್ಲಿಂದ ಮುಂದುವರಿಯಬಹುದು. ಡಿಸ್ಕ್ ಬಿಸಿಯಾದಾಗ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಶುರು ಮಾಡಿದೆ. ಕೊನೆಗೆ ಓದೋಕೆ ಬಾರದೆ ಉಳಿದದ್ದು ಕೆಲವೇ ಸೆಕ್ಟರ್. ಕಾಕಾನ ಪದಗಳ ಫೋಲ್ಡರ್ ಪೂರ್ತಿ ಬಂತು. ಇಡೀ ಡಿಸ್ಕ್‌ನ ಇಮೇಜ್ ಒಂದು ಕಡೆ ಇಟ್ಟು, ಅದರ ಇನ್ನೊಂದು ಪ್ರತಿ ಮಾಡಿಕೊಂಡೆ. ಇದು ಕೈಗೆ ಬಂದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿದದ್ದು.

ಬಿಚ್ಚಿದ್ದು

ಥಿಂಕ್‌ಪ್ಯಾಡ್‌ಗಳ ಮೇಲೆ ನನಗೆ ಪ್ರೀತಿ ಇರೋದು ಕೀಬೋರ್ಡ್ ನಡುವಿನ ಆ ಕೆಂಪು ಗುಂಡಿಗಾಗಿ ಅಲ್ಲ. ರಿಪೇರಿ ಮಾಡುವವರಿಗೆ ಅಂತಲೇ ಬರೆದ ಕೈಪಿಡಿ ಪುಕ್ಕಟೆ ಸಿಗುತ್ತೆ. ಯಾವ ಸ್ಕ್ರೂ ಎಷ್ಟು ಉದ್ದ, ಯಾವ ಭಾಗದ ನಂತರ ಯಾವುದು ತೆಗೆಯಬೇಕು, ಎಲ್ಲ ಚಿತ್ರ ಸಮೇತ ಇದೆ. ಕೆಳಗೆ ಕೀಬೋರ್ಡ್ ಹಿಡಿದ ಸ್ಕ್ರೂಗಳ ಪಕ್ಕ ಕೀಬೋರ್ಡಿನ ಪುಟ್ಟ ಚಿತ್ರ ಅಚ್ಚು ಹಾಕಿದ್ದಾರೆ. ಈಗಿನ ಲ್ಯಾಪ್‌ಟಾಪ್ ಬಿಚ್ಚೋಕೆ ಹೋದರೆ ಗಿಟಾರ್ ನುಡಿಸೋ ಪ್ಲಾಸ್ಟಿಕ್ ತುಂಡು ಹಿಡಿದು ಅಂಚು ಸೀಳಬೇಕು. ಎಲ್ಲಿ ಮುರಿಯುತ್ತೋ ಅಂತ ಉಸಿರು ಬಿಗಿ ಹಿಡಿಯಬೇಕು.

ಬೆಳಗಾವಿ ಮಳೆಗಾಲ ಗೊತ್ತಲ್ಲ. ಜಿಟಿಜಿಟಿ ಹಿಡಿದರೆ ಹಗ್ಗದ ಮೇಲಿನ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು ಬರುತ್ತೆ. ಅಂಥ ಎಷ್ಟೋ ಮಳೆಗಾಲ ಇದು ಅಟ್ಟದ ಮೇಲೆ ಕಳೆದಿದೆ. ಸ್ಕ್ರೂಗಳ ತಲೆ ತುಕ್ಕು. ಒಂದಂತೂ ಸುಮ್ನೆ ತಿರುಗುತ್ತಿತ್ತು, ಹಿಡಿತವೇ ಇಲ್ಲ. ಅಗಲ ರಬ್ಬರ್ ಬ್ಯಾಂಡನ್ನು ಸ್ಕ್ರೂ ತಲೆಗೂ ಡ್ರೈವರ್‌ಗೂ ಮಧ್ಯೆ ಇಟ್ಟು ಗಟ್ಟಿ ಒತ್ತಿ ತಿರುಗಿಸಿದಾಗ ಬಂತು. ಒಳಗೆ ಕೀಬೋರ್ಡ್ ಕನೆಕ್ಟರ್ ಹತ್ತಿರ ಹಸಿರು ಪುಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೆ ಹಲ್ಲುಜ್ಜೋ ಬ್ರಷ್ ಅದ್ದಿ ಮೆಲ್ಲಗೆ ಉಜ್ಜಿದೆ. ರ‍್ಯಾಮ್‌ನ ಬಂಗಾರದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿದೆ. ಇದು ಹಳೇ ಉಪಾಯ, ಆದರೆ ರಬ್ಬರಿನ ಪುಡಿ ಸ್ಲಾಟ್‌ಗೆ ಬೀಳಬಾರದು ಅಷ್ಟೇ.

ಫ್ಯಾನ್ ಕೆಟ್ಟಿರಲಿಲ್ಲ, ಒಣಗಿತ್ತು. ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಎಕ್ಸ್ 61ರ ಫ್ಯಾನ್ ಬೇಕು ಅಂತ ಖಡೇಬಜಾರಿನ ಅಂಗಡಿಗಳಲ್ಲಿ ಕೇಳಿದೆ. ನಕ್ಕರು, ಚಹಾ ಕೊಟ್ಟರು, ಫ್ಯಾನ್ ಮಾತ್ರ ಇರಲಿಲ್ಲ. ಹಾಗಾಗಿ ಇದ್ದದ್ದನ್ನೇ ಬಿಚ್ಚಿದೆ. ರೆಕ್ಕೆ ಇರೋ ಚಕ್ರವನ್ನು ನೇರ ಮೇಲಕ್ಕೆ ಎಳೆದರೆ ಕೈಗೆ ಬರುತ್ತೆ, ಅದನ್ನು ಹಿಡಿದಿರೋದು ಅಯಸ್ಕಾಂತ. ಓರೆಯಾಗಿ ಎಳೆದರೆ ನಡುವಿನ ಸಣ್ಣ ದಂಡ ಬಾಗುತ್ತೆ. ದಂಡಕ್ಕೆ ಮೆತ್ತಿಕೊಂಡಿದ್ದ ಕಪ್ಪು ಜಿಗುಟನ್ನು ಹತ್ತಿಯಿಂದ ಒರೆಸಿ, ಪಕ್ಕದ ಮನೆ ಟೇಲರ್ ಹತ್ತಿರ ತಂದ ಹೊಲಿಗೆ ಮಷೀನಿನ ಎಣ್ಣೆ ಸೂಜಿ ತುದಿಯಿಂದ ಒಂದೇ ಹನಿ ಬಿಟ್ಟೆ. ಜಾಸ್ತಿ ಆದರೆ ತಿರುಗುವಾಗ ಹೊರಗೆ ಚಿಮ್ಮಿ ಧೂಳು ಹಿಡಿಯುತ್ತೆ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಕೆಲವು ತಿಂಗಳಿಗೆ ಅದೇ ಅಂಟಾಗಿ ಕೂರುತ್ತೆ. ತಿರುಗಿ ಕೂರಿಸಿ ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ಸುತ್ತುತ್ತಾ ಹೋಯಿತು.

ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣ ಸುಣ್ಣದ ಹಾಗೆ ಉದುರುತ್ತಿತ್ತು. ಒರೆಸಿ ಹೊಸದು ಹಾಕಿದೆ. ಎಕ್ಸ್ 61ರ ಪ್ರೊಸೆಸರ್ ಬೋರ್ಡಿಗೇ ಬೆಸುಗೆ ಆಗಿರುತ್ತೆ, ಕಿತ್ತು ಬದಲಿಸೋ ಆಸೆ ಇದ್ದರೆ ಬಿಡಿ. 0271ಕ್ಕೆ ಕಾರಣ ಸಿಆರ್2032 ಸೆಲ್. ಎರಡು ತಂತಿ, ಒಂದು ಪುಟ್ಟ ಪ್ಲಗ್, ಮೇಲೆ ಪ್ಲಾಸ್ಟಿಕ್ ಕವಚ. ನಾಣ್ಯದ ಸೆಲ್ ಮೇಲೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಸಿಡಿಯೋ ಅಪಾಯ ಇದೆ. ತಂತಿ ಸಮೇತ ಇರೋದನ್ನೇ ತರಿಸಿ ಹಾಕಿದೆ.

ಆಮೇಲೆ ಖರ್ಚಿನ ಬಾಬ್ತು. ಡಿಡಿಆರ್2 ರ‍್ಯಾಮ್ 2 ಜಿಬಿಯ ಎರಡು ಕಡ್ಡಿ, ಸೆಕೆಂಡ್ ಹ್ಯಾಂಡ್. ಇದಕ್ಕೆ 8 ಜಿಬಿ ಕೂಡ ಹಿಡಿಯುತ್ತೆ. ಆದರೆ 4 ಜಿಬಿಯ ಡಿಡಿಆರ್2 ಕಡ್ಡಿ ಸಿಗೋದು ಅಪರೂಪ, ಸಿಕ್ಕರೂ ದುಬಾರಿ. 240 ಜಿಬಿಯ ಎಸ್‌ಎಸ್‌ಡಿ ಹಾಕಿದೆ, ಅಂಗಡಿಯಲ್ಲಿ ಇದ್ದವುಗಳಲ್ಲಿ ಅಗ್ಗದ್ದು. ದುಬಾರಿಯದು ಹಾಕಿ ಉಪಯೋಗ ಇಲ್ಲ. ಈ ಯಂತ್ರದ ಬಯಾಸ್, ಅಂದರೆ ಆನ್ ಆದಾಗ ಮೊದಲು ಓಡೋ ಒಳ ಪ್ರೋಗ್ರಾಂ, ಸಾಟಾ ಅನ್ನೋ ಡಿಸ್ಕ್ ಸಂಪರ್ಕದ ವೇಗವನ್ನು ಸೆಕೆಂಡಿಗೆ 1.5 ಗಿಗಾಬಿಟ್‌ಗೆ ಕಟ್ಟಿಹಾಕಿದೆ, ಅಂದರೆ ಸುಮಾರು 150 ಎಂಬಿ. ಹಾಗಿದ್ದರೂ ಹಳೆ ತಿರುಗೋ ಡಿಸ್ಕ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಚೂರುಪಾರು ಫೈಲ್ ಹುಡುಕೋದರಲ್ಲಿ ಎಸ್‌ಎಸ್‌ಡಿ ಗೆಲ್ಲುತ್ತೆ, ದಿನದ ಕೆಲಸ ಪೂರ್ತಿ ಅದೇ ಅಲ್ವಾ. ಹಳೆ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7 ಮಿಲಿಮೀಟರ್. ಒಳಗೆ ಅಲ್ಲಾಡಬಾರದು ಅಂತ ಲಗ್ನಪತ್ರಿಕೆಯ ದಪ್ಪ ರಟ್ಟು ಕತ್ತರಿಸಿ ಮಧ್ಯೆ ಇಟ್ಟೆ.

ಆನ್ ಮಾಡಿದೆ. ಎರರ್ ಇಲ್ಲ. ಜೋರು ಕೆಲಸ ಕೊಟ್ಟು ನೋಡಿದರೂ 70 ಡಿಗ್ರಿ ಆಚೀಚೆ ನಿಂತಿತು. ಬಲಗೈ ಇಡೋ ಜಾಗ ಮಾತ್ರ ಬೆಚ್ಚಗಾಗುತ್ತೆ. ವೈ-ಫೈ ಕಾರ್ಡ್ ಅದರ ಕೆಳಗೇ ಇದೆ, ಈ ಮಾಡೆಲ್‌ನ ಹುಟ್ಟುಗುಣ ಅದು. ಬ್ಯಾಟರಿ ಪ್ಯಾಕ್ ಪೂರ್ತಿ ಸತ್ತಿದೆ. ಅದರೊಳಗಿನ ಸೆಲ್ ಬದಲಿಸೋ ಸಾಹಸ ಮಾಡಲಿಲ್ಲ. ಲಿಥಿಯಂ ಸೆಲ್ ಜೊತೆ ಆಟ ಬೇಡ, ಮೇಲಾಗಿ ಒಳಗಿನ ಚಿಪ್ ಒಮ್ಮೆ ಲಾಕ್ ಆದರೆ ಹೊಸ ಸೆಲ್ ಹಾಕಿದರೂ ಕೆಲಸ ಮಾಡಲ್ಲ. ಕಾಕಾನ ಮನೆಯಲ್ಲಿ ಇನ್ವರ್ಟರ್ ಇದೆ, ಅಡಾಪ್ಟರ್ ಮೇಲೇ ಓಡಲಿ.

ಯಾವ ಓಎಸ್?

ಹಳೆ ಕಂಪ್ಯೂಟರ್‌ಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಅಂತ ಕೇಳಿದರೆ ಎಲ್ಲರೂ ರ‍್ಯಾಮ್ ಲೆಕ್ಕ ಶುರು ಮಾಡುತ್ತಾರೆ. ಇದು 200 ಎಂಬಿ ತಿನ್ನುತ್ತೆ, ಅದು 300 ಎಂಬಿ ಅಂತ. ನನ್ನ ಪ್ರಶ್ನೆ ಬೇರೆ. ಕನ್ನಡ ಹೇಗೆ ಕಾಣುತ್ತೆ? ಕನ್ನಡ ಹೇಗೆ ಟೈಪ್ ಆಗುತ್ತೆ? ಇವೆರಡರಲ್ಲಿ ಫೇಲ್ ಆದ ಓಎಸ್ ಎಷ್ಟು ಹಗುರ ಇದ್ದರೂ ಕಾಕಾಗೆ ಬೇಡ. ‘ಸ್ತ್ರೀ’, ‘ಲಕ್ಷ್ಮೀ’, ‘ದರ್ಬಾರ’ ಈ ಮೂರು ಬರೆದು ನೋಡೋದು ನನ್ನ ಪರೀಕ್ಷೆ.

ಮೊದಲು ಹೈಕು ಅನ್ನೋ ಓಎಸ್ ಹಾಕಿದೆ, ನನ್ನ ಖುಷಿಗೆ. ಇದರ ಕಥೆ ಚೆನ್ನಾಗಿದೆ. ತೊಂಬತ್ತರ ದಶಕದಲ್ಲಿ ಬಿಓಎಸ್ ಅಂತ ಒಂದು ಓಎಸ್ ಬಂತು, ಬಿ ಇಂಕ್ ಅನ್ನೋ ಕಂಪನಿಯದು. 2001ರಲ್ಲಿ ಆ ಕಂಪನಿಯ ಆಸ್ತಿಯನ್ನು ಕೈಯಲ್ಲಿ ಹಿಡಿಯೋ ಪಾಮ್ ಸಾಧನ ಮಾಡುತ್ತಿದ್ದವರೇ ಕೊಂಡರು. ಬಿಓಎಸ್ ಇಷ್ಟಪಟ್ಟವರು ಅದೇ ವರ್ಷ ಅದನ್ನು ಮೊದಲಿಂದ ಬರೆಯೋಕೆ ಕೂತರು. ಅದೇ ಇವತ್ತಿನ ಹೈಕು. 2024ರ ಸೆಪ್ಟೆಂಬರ್‌ನಲ್ಲಿ ಐದನೇ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಬಂತು. ಇಷ್ಟು ವರ್ಷವಾದರೂ ಬೀಟಾ! ಆದರೆ ಎಕ್ಸ್ 61ರ ಮೇಲೆ ಅದನ್ನು ನೋಡಬೇಕು. ಮೌಸ್ ಒತ್ತಿದ ಗಳಿಗೆಗೆ ಕಿಟಕಿ ತೆರೆಯುತ್ತೆ. ಕಿಟಕಿಗಳ ಹಳದಿ ತಲೆಪಟ್ಟಿಯನ್ನು ಒಂದರ ಪಕ್ಕ ಒಂದು ಅಂಟಿಸಿ ಒಟ್ಟಿಗೆ ಎಳೆಯಬಹುದು. ಈಗಿನ ದುಬಾರಿ ಯಂತ್ರಗಳಲ್ಲೂ ನನಗೆ ಈ ಚುರುಕು ಸಿಕ್ಕಿಲ್ಲ.

ಆದರೆ ಅದರ ಸ್ವಂತ ಎಡಿಟರ್‌ನಲ್ಲಿ ‘ಸ್ತ್ರೀ’ ಬರೆದರೆ ಒತ್ತಕ್ಷರ ಕೆಳಗೆ ಕೂರಲಿಲ್ಲ. ಸ, ತ, ರ ಸಾಲಾಗಿ ನಿಂತವು. ಅಕ್ಷರಗಳನ್ನು ಕೂಡಿಸಿ ರೂಪ ಕೊಡೋ ಕೆಲಸ ಅದರ ಮೂಲ ಪರದೆ ವ್ಯವಸ್ಥೆಯಲ್ಲಿ ಇಲ್ಲ. ಕ್ಯೂಟಿ ಅನ್ನೋ ಲೈಬ್ರರಿ ಬಳಸಿ ಬರೆದ ಪ್ರೋಗ್ರಾಂಗಳಲ್ಲಿ ಸರಿ ಬರುತ್ತೆ. ಆದರೆ ಫೈಲಿನ ಹೆಸರು ಕನ್ನಡದಲ್ಲಿ ಇಟ್ಟರೆ ಮತ್ತೆ ಅದೇ ಹಾಡು. ಮುಚ್ಚಳ ಮುಚ್ಚಿದರೆ ನಿದ್ದೆಗೂ ಹೋಗಲ್ಲ. ನನ್ನದೇ ಯಂತ್ರ ಆಗಿದ್ದರೆ ಇಟ್ಟುಕೊಳ್ಳುತ್ತಿದ್ದೆ.

ಎರಡನೇದು ಓಪನ್‌ಬಿಎಸ್‌ಡಿ. ಹಳೆ ಥಿಂಕ್‌ಪ್ಯಾಡ್ ಅಂದರೆ ಅದನ್ನು ಬರೆಯೋರಿಗೆ ಜೀವ. ವೈ-ಫೈ ಫರ್ಮ್‌ವೇರ್ ಇಳಿಸೋಕೆ ಮೊದಲು ಕೇಬಲ್ ಚುಚ್ಚಬೇಕು, ಆಮೇಲೆ ಯಾವ ತಕರಾರೂ ಇಲ್ಲ. ನಿದ್ದೆ, ಎಚ್ಚರ ಎರಡೂ ಸರಿ. ಜೊತೆಗೆ ಬರೋ ಮ್ಯಾನುಯಲ್ ಪುಟಗಳು ಎಷ್ಟು ಚೊಕ್ಕ ಅಂದರೆ, ಇಂಟರ್ನೆಟ್‌ನಲ್ಲಿ ಹುಡುಕೋ ಚಟವೇ ಬಿಡುತ್ತೆ. ಫೈರ್‌ಫಾಕ್ಸ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಮೂರೂ ಪದ ಸರಿ ಕೂತವು. ಇಲ್ಲಿ ಎಡವಿದ್ದು ಪ್ರಿಂಟರ್. ಕಾಕಾನ ಹತ್ತಿರ ಇರೋದು ಊರಿನ ಝೆರಾಕ್ಸ್ ಅಂಗಡಿಗಳಲ್ಲಿ ಕಾಣೋ ಥರದ ಪುಟ್ಟ ಲೇಸರ್ ಪ್ರಿಂಟರ್. ಅದರ ಡ್ರೈವರ್ ಲಿನಕ್ಸ್‌ಗೆ ಸಿದ್ಧ ಬೈನರಿಯಾಗಿ (ಮೂಲ ಕೋಡ್ ಇಲ್ಲದೆ) ಮಾತ್ರ ಸಿಗುತ್ತೆ. ಲಿನಕ್ಸ್ ಬೈನರಿ ಓಡಿಸೋ ಸೌಲಭ್ಯವನ್ನು ಓಪನ್‌ಬಿಎಸ್‌ಡಿಯವರು 2016ರಲ್ಲಿ, 6.0 ಆವೃತ್ತಿಯಲ್ಲೇ ಕಿತ್ತುಹಾಕಿದ್ದಾರೆ. ಸುರಕ್ಷತೆ ದೃಷ್ಟಿಯಿಂದ ಅವರದು ಸರಿ ಇರಬಹುದು. ಕಾಕಾಗೆ ಪದ ಕಾಗದದ ಮೇಲೆ ಬೇಕು.

ಹಾಗಾಗಿ ಕೊನೆಗೆ ಡೆಬಿಯನ್ 13 ಅನ್ನೋ ಲಿನಕ್ಸ್, ಮೇಲೆ ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ. ಹೊಸತನ ಏನಿಲ್ಲ ಅಂತ ಮೂಗು ಮುರಿಯಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ 32 ಬಿಟ್ ಯಂತ್ರಗಳ ಇನ್‌ಸ್ಟಾಲರ್ ಕೈಬಿಟ್ಟಿದ್ದಾರೆ. ಎಕ್ಸ್ 61 ಹಳೇದಾದರೂ 64 ಬಿಟ್, ಬಚಾವ್. ಪ್ರಿಂಟರ್ ಡ್ರೈವರ್‌ನ ಒಳಗಿನ ತುಂಡುಗಳು ಮಾತ್ರ 32 ಬಿಟ್. ಅಂಥವನ್ನು ಓಡಿಸೋ ಲೈಬ್ರರಿಗಳು ಡೆಬಿಯನ್ ಭಂಡಾರದಲ್ಲಿ ಇನ್ನೂ ಇವೆ. ಅವನ್ನು ಸೇರಿಸಿದ ಮೇಲೆ ಪ್ರಿಂಟರ್ ಗುರ್ ಅಂದಿತು.

ಅಟ್ಟದ ಅದೇ ಡಬ್ಬಿಯಲ್ಲಿ ಒಂದು ನೋಕಿಯಾ ಇ63 ಫೋನ್ ಕೂಡ ಸಿಕ್ಕಿತು, ಪೂರ್ತಿ ಕೀಬೋರ್ಡ್ ಇರೋದು. ಹಿಂಬದಿ ಮುಚ್ಚಳ ಉಗುರಿನಲ್ಲಿ ತೆಗೆದು ಬ್ಯಾಟರಿ ಬದಲಿಸಿದರೆ ಆಯಿತು, ಎದ್ದು ಕೂತಿತು. 2ಜಿ ಇರೋ ಸಿಮ್ ಹಾಕಿದರೆ ಮಾತಾಡುತ್ತೆ, 4ಜಿ ಮಾತ್ರ ಇರೋ ಸಿಮ್‌ಗೆ ಮೌನ. ಕೈಯಲ್ಲಿ ಹಿಡಿಯೋ ಸಾಧನದ ಮಾತು ಬಂದಾಗ ಕಾಕಾ “ನಮ್ಮ ಬೆಂಗಳೂರಾಗ ಸಿಂಪ್ಯೂಟರ್ ಅಂತ ಮಾಡಿದ್ರಲ್ಲ, ಏನಾತದು?” ಅಂತ ಕೇಳಿದರು. ನಿಜ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ್ದು. 2004ರಲ್ಲಿ ಅಮಿಡಾ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಒಳಗೆ ಲಿನಕ್ಸ್, 206 ಮೆಗಾಹರ್ಟ್ಸ್ ಪ್ರೊಸೆಸರ್. ಐಫೋನ್ ಬರೋಕೆ ಮೂರು ವರ್ಷ ಮೊದಲು! ಕೊಳ್ಳೋರು ಸಿಗಲಿಲ್ಲ. ಒಂದು ಕೈಗೆ ಸಿಕ್ಕರೆ ಬಿಚ್ಚಿ ನೋಡೋ ಆಸೆ ನನಗಿದೆ.

ನುಡಿಯಿಂದ ಯೂನಿಕೋಡ್‌ಗೆ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದು. ಹಳೇ ನುಡಿ ಫೈಲ್‌ಗಳಲ್ಲಿ ಇರೋದು ನಿಜಕ್ಕೂ ಕನ್ನಡ ಸಂಕೇತಗಳಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಹಳೆ ಡಿಸ್ಕ್‌ನ ಇಮೇಜ್‌ನಿಂದ ನುಡಿ ಫಾಂಟ್‌ಗಳನ್ನು ತೆಗೆದು ಡೆಬಿಯನ್‌ನ ಫಾಂಟ್ ಫೋಲ್ಡರ್‌ಗೆ ಹಾಕಿದೆ. ಲಿಬ್ರೆಆಫೀಸ್‌ನಲ್ಲಿ ಎಲ್ಲ ಪದಗಳೂ ಮೊದಲಿನ ಹಾಗೇ ಕಂಡವು. ಓದೋಕೆ ಇಷ್ಟು ಸಾಕು. ಆದರೆ ಹುಡುಕೋಕೆ ಬರಲ್ಲ, ಮೊಬೈಲ್‌ಗೆ ಕಳಿಸಿದರೆ ಯಾರಿಗೂ ಕಾಣಲ್ಲ.

ಹಾಗಾಗಿ ಫೈಲ್‌ಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳಿಗೂ ತಿಳಿಯೋ ಅಕ್ಷರ ಸಂಕೇತಕ್ಕೆ, ಬದಲಿಸೋ ಪರಿವರ್ತಕಕ್ಕೆ ಕೊಟ್ಟೆ. ಮುಕ್ಕಾಲು ಪಾಲು ಸಲೀಸು. ತೊಂದರೆ ಅರ್ಕಾವತ್ತಿನದು. ಹಳೆ ಫಾಂಟ್‌ನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಅದಲುಬದಲು ಸರಿ ಆಗದ ಕಡೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಯಿತು. ಕೆಲವು ಕಡೆ ಕಾಕಾ ಟೈಪ್ ಮಾಡೋವಾಗಲೇ ಅರ್ಕಾವತ್ತಿನ ಬದಲು ಕನ್ನಡದ ೯ ಅಂಕಿ ಒತ್ತಿದ್ದರು. ಆ ಕಾಲದಲ್ಲಿ ಕಣ್ಣಿಗೆ ಎರಡೂ ಒಂದೇ. ಮಧ್ಯೆ ಮಧ್ಯೆ ಇಂಗ್ಲಿಷ್‌ನಲ್ಲಿ ಬರೆದ ಊರಿನ ಹೆಸರು, ತಾರೀಖು ಇದ್ದಲ್ಲಿ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಉದುರಿಸಿತ್ತು. ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಪದದ ನಡುವೆ ಬರೋ ೯ ಅಂಕಿಯನ್ನೆಲ್ಲ ಹುಡುಕಿ ಸರಿಪಡಿಸಿದೆ. ಉಳಿದದ್ದು ಕಣ್ಣಿನಿಂದಲೇ ಆಗಬೇಕು. ಲಾವಣಿಯಲ್ಲಿ ಜವಾರಿ ಮಾತು ಜಾಸ್ತಿ, ಯಾವ ಸ್ಪೆಲ್ ಚೆಕ್ಕಿಗೂ ಅದು ಗೊತ್ತಿಲ್ಲ. ಆ ಕೆಲಸ ಕಾಕಾ ಮಾಡುತ್ತಿದ್ದಾರೆ, ಬೆಳಗ್ಗೆ ಚಹಾ ಆದ ಮೇಲೆ.

ಟೈಪಿಂಗ್‌ಗೆ ಐಬಸ್ ಅನ್ನೋ ಭಾಷೆ ಬದಲಿಸೋ ಪ್ರೋಗ್ರಾಂ, ಜೊತೆಗೆ ಕೀಲಿ ಒತ್ತಿದ್ದನ್ನು ಕನ್ನಡ ಮಾಡೋ ಎಂ17ಎನ್, ಅದರಲ್ಲಿ ಕೆಜಿಪಿ (ಕಗಪ) ಲೇಔಟ್. ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಬಂದದ್ದು, ನುಡಿಯದೂ ಅದೇ. ಒತ್ತಕ್ಷರಕ್ಕೆ ಎಫ್ ಕೀಲಿ. ಲಿನಕ್ಸ್‌ನ ಸಾಮಾನ್ಯ ಕೀಬೋರ್ಡ್ ಪಟ್ಟಿಯಲ್ಲೂ ಕಗಪ ಅಂತ ಒಂದು ಇದೆ, ಅದನ್ನು ಹಾಕಬೇಡಿ. ಅಲ್ಲಿ ಒಂದು ಕೀಲಿಗೆ ಒಂದು ಅಕ್ಷರ, ಅಷ್ಟೇ. ಹಿಂದಿನ ಅಕ್ಷರ ನೋಡಿಕೊಂಡು ಇಲ್ಲಿ ಸ್ವರವೋ ಗುಣಿತವೋ ಅಂತ ತಾನೇ ತಿಳಿಯೋದು ಎಂ17ಎನ್ ಮಾತ್ರ. ಫಾಂಟ್‌ಗೆ ಡೆಬಿಯನ್‌ನಲ್ಲೇ ಗುಬ್ಬಿ, ನವಿಲು, ಲೋಹಿತ್ ಮೂರೂ ಸಿಗುತ್ತವೆ. ಕಾಕಾ ನವಿಲು ಆರಿಸಿಕೊಂಡರು. ಕೀಬೋರ್ಡ್ ಮೇಲೆ ಬೆರಳಿಟ್ಟು ‘ದರ್ಬಾರ’ ಬರೆದು, “ಹಾಂ, ಕೈಗೆ ನೆನಪೈತಿ” ಅಂದರು.

ಇಂಟರ್ನೆಟ್ ಬಗ್ಗೆ ಮುಚ್ಚುಮರೆ ಬೇಡ. ಇದು ಬರೆಯೋ ಯಂತ್ರ, ನೋಡೋ ಯಂತ್ರ ಅಲ್ಲ. ಈ ಗ್ರಾಫಿಕ್ಸ್ ಚಿಪ್‌ಗೆ ಗೊತ್ತಿರೋದು ಡಿವಿಡಿ ಕಾಲದ ಎಂಪೆಗ್-2. ಇವತ್ತಿನ ವಿಡಿಯೊ ಪೂರ್ತಿ ಪ್ರೊಸೆಸರ್ ತಲೆ ಮೇಲೆ. 480ಪಿ ಸರಾಗ, ಅದರ ಮೇಲೆ ಹೋದರೆ ಫ್ಯಾನ್ ಕೂಗುತ್ತೆ. ಸುದ್ದಿ ತಾಣಗಳ ನಾಲ್ಕೈದು ಟ್ಯಾಬ್ ತೆರೆದರೆ 4 ಜಿಬಿ ರ‍್ಯಾಮ್ ಸಾಲಲ್ಲ. ಜಾಹೀರಾತು ತಡೆಯೋ ಎಕ್ಸ್‌ಟೆನ್ಷನ್ ಹಾಕಿದ ಮೇಲೆ ಉಸಿರಾಡುತ್ತೆ. ನನ್ನ ಅಭಿಪ್ರಾಯದಲ್ಲಿ ಹಳೆ ಯಂತ್ರಗಳು ಸೋಲೋದು ಬ್ರೌಸರ್ ಮುಂದೆ ಮಾತ್ರ. ಲಿಬ್ರೆಆಫೀಸ್‌ನಲ್ಲಿ ನೂರು ಪುಟದ ಕಡತ ತೆರೆದು ಕೂತಾಗ ಇದಕ್ಕೆ ಇಷ್ಟು ವಯಸ್ಸಾಗಿದೆ ಅಂತ ಅನಿಸೋದೇ ಇಲ್ಲ.

ಬಾಕಿ ಉಳಿದಿರೋದು ಪರದೆ. ಹಿಂದಿನ ಬೆಳಕು ಎಲ್‌ಇಡಿ ಅಲ್ಲ, ತೆಳು ಟ್ಯೂಬ್. ಆನ್ ಮಾಡಿದಾಗ ಹಳದಿ-ಗುಲಾಬಿ ಛಾಯೆ, ಬಿಸಿಯಾದ ಮೇಲೂ ಮಂಕು. “ಮಂಕಿದ್ರ ಕಿಟಕಿ ಮುಚ್ಚತೀನಿ ಬಿಡು” ಅನ್ನುತ್ತಾರೆ ಕಾಕಾ. ಎಲ್‌ಇಡಿ ಪಟ್ಟಿಯ ಕಿಟ್ ಸಿಗುತ್ತೆ, ತರಿಸಿಟ್ಟಿದ್ದೀನಿ. ಆದರೆ ಅದಕ್ಕೆ ಪರದೆಯ ಒಳಹಾಳೆಗಳನ್ನು ಒಂದೊಂದಾಗಿ ಬಿಚ್ಚಬೇಕು. ಧೂಳು, ತೇವ ಸೇರಿದರೆ ಕಲೆ ಹಾಗೇ ಉಳಿಯುತ್ತೆ. ಮಳೆ ನಿಂತು ದಸರಾ ಬಿಸಿಲು ಬೀಳಲಿ, ಆಮೇಲೆ ಕೈ ಹಾಕ್ತೀನಿ.